ಹಾಡು ಯಾವಾಗ ಚಾಲೂ ಆಗ್ತದ?

ಆಗಿರುತ್ತೆ. ನೀವು ಹೀಗೆ ಪ್ರಶ್ನೆ ಕೇಳುವ ಹೊತ್ತಿಗೆ ಶುರುವಾಗಿ ಆರು ನಿಮಿಷ ಆಗಿರುತ್ತೆ.

ನಾವು ಮೂರು ಜನ ರಾಯಚೂರಲ್ಲಿ ಒಂದು ಡೂಮ್ ಮೆಟಲ್ ಆಲ್ಬಂ ಮಾಡಿದ್ದೇವೆ, ಅಂದರೆ ತುಂಬಾ ನಿಧಾನದ, ಭಾರವಾದ ರಾಕ್ ಸಂಗೀತ. ಗಿಟಾರ್, ಬಾಸ್, ಸ್ಯಾಕ್ಸೋಫೋನ್, ಜೊತೆಗೆ ಮೊಹರಂನಲ್ಲಿ ಬಾರಿಸುವ ಚರ್ಮದ ಹಲಗೆ. ನಾಲ್ಕೇ ಹಾಡು, ಒಂದೊಂದೂ ಹತ್ತು ನಿಮಿಷದ ಮೇಲೆ. ಯಾರಿಗೆ ಕೇಳಿಸಿದರೂ ಇದೊಂದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ, ಇನ್ನು ಮೇಲೆ ಕೇಳಿದವರಿಗೆ ಸುಮ್ನೆ ಇದನ್ನೇ ಕಳಿಸ್ತೀನಿ.

ನಮ್ಮ ದೊಡ್ಡಪ್ಪ ಒಂದು ಕೈಯಲ್ಲಿ ಮಿರ್ಚಿ ಹಿಡಿದು, ಎಣ್ಣೆ ಹತ್ತದ ಹಾಗೆ ಇನ್ನೊಂದು ಕೈಯ ಕಿರುಬೆರಳಿಂದ ಇಯರ್‌ಫೋನ್ ಒತ್ತಿಕೊಂಡು ಮೂರು ನಿಮಿಷ ಕೇಳಿದರು. ಆಮೇಲೆ, 'ವೋಲ್ಟೇಜ್ ಡ್ರಾಪ್ ಆಗ್ಯಾದೇನು?' ಅಂದರು. ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ ಕರೆಂಟು ಊರೂರಿಗೆ ಹೋಗುತ್ತೆ, ನಮಗೆ ಉಳಿಯೋದು ಈ ಜೋಕು. ನಗು ಬಂತು, ಸಿಟ್ಟೂ ಬಂತು. ಯಾಕಂದ್ರೆ ಇದೇ ದೊಡ್ಡಪ್ಪ ಮೊಹರಂನ ಕತ್ತಲ ರಾತ್ರಿ ಮುದಗಲ್‌ಗೆ ಹೋಗಿ, ಬೆಂಕಿ ಹಾಕುವ ಅಲಾಯಿ ಕುಣಿ ಮುಂದೆ ನಿಂತು, ಬೆಳಗಿನ ತನಕ ಮೊಹರಂನ ಶೋಕದ ಹಾಡು, ರಿವಾಯತ್ ಪದ ಕೇಳ್ತಾರೆ. ಅಲ್ಲಿ ಯಾರನ್ನೂ 'ಯಾವಾಗ ಚಾಲೂ' ಅಂತ ಕೇಳಿಲ್ಲ. ಹುಸೇನರು ಮಡಿದ ಕರ್ಬಲಾದ ದುಃಖ ನಿಧಾನಕ್ಕೇ ನಡೀಬೇಕು ಅಂತ ಗೊತ್ತು. ಗಿಟಾರ್ ಕಂಡ ಕೂಡಲೇ ಬಸ್ಸು ತಪ್ಪಿದವರ ಥರ ಆಡ್ತಾರೆ.

ಸ್ಯಾಕ್ಸೋಫೋನ್ ಕೇಳಿ 'ಇದರಾಗ ಜ್ಯಾಝ್ ಯಾಕ ತುರುಕಿರಿ' ಅನ್ನೋರೂ ಇದ್ದಾರೆ. ತುರುಕಿಲ್ಲ ಸ್ವಾಮಿ, ಬೇರಲ್ಲೇ ಇತ್ತು. ಡೂಮ್ ಎಲ್ಲಿಂದ ಬಂತು ಅಂದರೆ ಎಲ್ಲರೂ ತೋರಿಸೋದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಬ್ಲ್ಯಾಕ್ ಸಬಾತ್ ಬ್ಯಾಂಡ್ ಕಡೆಗೆ, ಅವರ ಮೊದಲ ಆಲ್ಬಂ 1970ರದ್ದು. ಅದರ ಗಿಟಾರಿನ ಟೋನಿ ಅಯೋಮಿ 17ನೇ ವಯಸ್ಸಿಗೆ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಆತ ಎಡಚ, ತಂತಿ ಒತ್ತುವ ಕೈಯೇ ಹೋಯಿತು. ಆಗ ಕಾರ್ಖಾನೆಯ ಫೋರ್‌ಮನ್ ಅವನಿಗೆ ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದ. ಬೆಂಕಿಯಲ್ಲಿ ಕೈ ಸುಟ್ಟು, ಎರಡೇ ಬೆರಳಲ್ಲಿ ಜ್ಯಾಝ್ ಗಿಟಾರ್ ನುಡಿಸಿದ ಮನುಷ್ಯ ಈ ಜಾಂಗೋ. ಅಯೋಮಿ ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, 1971ರ ಹೊತ್ತಿಗೆ ತಂತಿಗಳನ್ನೂ ಸಡಿಲ ಮಾಡಿದ, ದನಿ ನೆಲಕ್ಕಿಳಿಯಿತು.

ನಮ್ಮ ಹಲಗೆ ಇದಕ್ಕೆ ಉಲ್ಟಾ, ಬಿಗಿಯಾಗಬೇಕು. ರೆಕಾರ್ಡಿಂಗ್ ದಿನ ಹಲಗೆ ಕಾಕಾ ಮೊದಲು ಒಳಗೇ ಬರಲಿಲ್ಲ. ಹೊರಗೆ ಹತ್ತಿ ಕಟ್ಟಿಗೆ ಉರಿ ಹಾಕಿ, ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿಗಿಟ್ಟು ಕೇಳಿ, ಮತ್ತೆ ಕಾಯಿಸಿದರು. ಎರಡು ಟೇಕ್ ಆಗುವಷ್ಟರಲ್ಲಿ ಎಸಿ ತಂಪಿಗೆ ಚರ್ಮ ಸಡಿಲ. ಮತ್ತೆ ಹೊರಗೆ. ಕೊನೆಗೆ ಎಸಿ ಆಫ್ ಮಾಡಿದೆವು. ಮೇ ತಿಂಗಳು, ರಾಯಚೂರು. ಎರಡನೇ ಹಾಡಿನ ಕೊನೆಗೆ ಕೇಳುವ ಏದುಸಿರು ಎಫೆಕ್ಟ್ ಅಲ್ಲ, ಸ್ಯಾಕ್ಸೋಫೋನ್ ಹುಡುಗನಿಗೆ ತಲೆ ತಿರುಗಿದ್ದು.

ಕೇಳೋದಾದ್ರೆ ಇದನ್ನು ಕೇಳಿ: ಆ ಹಲಗೆ ಯಾರದು, ಅವರಿಗೆ ಏನು ಕೊಟ್ಟಿರಿ? ಇವತ್ತಿನ ತನಕ ಒಬ್ಬರೂ ಕೇಳಿಲ್ಲ. ಎರಡು ಸಾವಿರ ರೂಪಾಯಿ ಮತ್ತು ಊಟ. ನಾಲ್ಕೂ ಹಾಡಿನ ಲಯ ಅವರದು, 'ಸಂಯೋಜನೆ' ಅಂತ ಇರುವ ಕಡೆ ನಮ್ಮ ಹೆಸರು. ಅವರ ಹೆಸರೂ ಇದೆ, ಕೆಳಗೆ, ಸಣ್ಣ ಅಕ್ಷರದಲ್ಲಿ. ಮೂರು ಜನ ಅಂದೆ ಅಲ್ವಾ ಮೇಲೆ? ನಾಲ್ಕು.

ಆಲ್ಬಂ ಪೂರ್ತಿ ಕೇಳಿದ ಮೇಲೆ ಕಾಕಾ ಫೋನ್ ಮಾಡಿದರು. 'ಮೂರನೇದ್ರಾಗ ಹಲಗಿ ಆರ್ಯಾದ ನೋಡು' ಅಂದರು. ಮಿಕ್ಸ್ ಮಾಡುವಾಗ ನಾನು ಆ ಹಾಡನ್ನು ಇಪ್ಪತ್ತು ಸಲ ಕೇಳಿದ್ದೆ, ಗೊತ್ತೇ ಆಗಿರಲಿಲ್ಲ.