ಸಂಗೀತಗಾರರ ಕೈ ಸೇರುವ ಹಣ: ನಮ್ಮ ಹಾಸನದ ಲೆಕ್ಕಪುಸ್ತಕ, ಯುಗಾದಿಯಿಂದ ಶ್ರಾವಣದವರೆಗೆ

ಹಾಸನದಲ್ಲಿರುವ ನಾವು ಕೆಲವು ಸಂಗೀತಾಸಕ್ತರು ಯುಗಾದಿಯಿಂದ ಒಂದು ಸಾಮೂಹಿಕ ಲೆಕ್ಕಪುಸ್ತಕವನ್ನು ಇಟ್ಟುಕೊಂಡು ಬಂದಿದ್ದೇವೆ. ಸಂಗೀತಕ್ಕೆಂದು ಪ್ರತಿಯೊಬ್ಬರೂ ತಿಂಗಳಿಗೆ ಖರ್ಚು ಮಾಡುವ ಹಣದಲ್ಲಿ ಎಷ್ಟು ಭಾಗ ಹಾಡಿದವರ, ನುಡಿಸಿದವರ ಕೈ ಸೇರುತ್ತದೆ ಎಂಬುದನ್ನು ಕಂಡುಕೊಂಡು ಆ ಭಾಗವನ್ನು ಹೆಚ್ಚಿಸುವುದು ಇದರ ಉದ್ದೇಶ. ಒಟ್ಟು ಖರ್ಚನ್ನು ಮಾತ್ರ ಹೆಚ್ಚಿಸಬಾರದೆಂಬುದು ಮೊದಲೇ ಮಾಡಿಕೊಂಡ ನಿಯಮ. ಉತ್ಸಾಹದಲ್ಲಿ ಎರಡು ತಿಂಗಳು ಧಾರಾಳವಾಗಿ ಕೊಟ್ಟು ಆಮೇಲೆ ಮರೆತುಬಿಡುವವರನ್ನು ನಂಬಿ ಯಾವ ಕಲಾವಿದರೂ ಸಂಸಾರ ನಡೆಸಲಾರರು.

ಚೈತ್ರ, ವೈಶಾಖ

ಈ ಎರಡು ತಿಂಗಳು ಮೊಬೈಲಿನಲ್ಲಿ ಸಂಗೀತ ಕೇಳುವ ಸೇವೆಗಳ ಚಂದಾ ಲೆಕ್ಕಕ್ಕೇ ಹೋದವು. ಸ್ಪಾಟಿಫೈನಂತಹ ಸೇವೆಯಲ್ಲಿ ಒಬ್ಬರು ಕಟ್ಟುವ ಚಂದಾ ಅವರು ಕೇಳಿದ ಗಾಯಕರಿಗೇ ಹಂಚಿಕೆಯಾಗುವುದಿಲ್ಲ. ಎಲ್ಲರ ಹಣವೂ ಒಂದೇ ರಾಶಿಗೆ ಸೇರಿ, ಒಟ್ಟು ಕೇಳಿಕೆಯಲ್ಲಿ ಯಾರ ಧ್ವನಿಮುದ್ರಣಗಳ ಪಾಲು ಎಷ್ಟೋ ಅದಕ್ಕೆ ತಕ್ಕಂತೆ ಹಕ್ಕುದಾರರಿಗೆ ಹೋಗುತ್ತದೆ. ಹೀಗಾಗಿ ತಿಂಗಳಿಡೀ ಒಬ್ಬ ವೈಣಿಕರನ್ನೇ ಕೇಳಿದವರ ಹಣದ ಬಹುಪಾಲು, ಅವರು ಎಂದೂ ಕೇಳದ ಹಾಡುಗಳ ಹಕ್ಕು ಹೊಂದಿರುವ ಕಂಪನಿಗಳನ್ನು ಸೇರುತ್ತದೆ. ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳಿಕೆ ಎಂಬ ಲೆಕ್ಕ ಇರುವುದರಿಂದ ಮುಕ್ಕಾಲು ಗಂಟೆಯ ರಾಗ-ತಾನ-ಪಲ್ಲವಿಗೂ ಮೂರು ನಿಮಿಷದ ಹಾಡಿಗೂ ಅಲ್ಲಿ ಒಂದೇ ಬೆಲೆ. 2024ರಿಂದೀಚೆಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಕೇಳಿಕೆಯನ್ನು ಮುಟ್ಟದ ಧ್ವನಿಮುದ್ರಣಕ್ಕೆ ರಾಯಧನವೇ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಯುವ ಗಾಯಕರಲ್ಲಿ ಎಷ್ಟೋ ಮಂದಿ ಈ ಗೆರೆಯ ಕೆಳಗೇ ಉಳಿಯುತ್ತಾರೆ.

ಚಂದಾವನ್ನು ಯಾರೂ ನಿಲ್ಲಿಸಲಿಲ್ಲ. ಕೇಳುವ ಅನುಕೂಲಕ್ಕೆ ಅದು ಬೇಕು. ಪುಸ್ತಕದಲ್ಲಿ ಅದನ್ನು 'ಕಲಾವಿದರಿಗೆ' ಎಂಬ ಕಾಲಂನಿಂದ ತೆಗೆದು 'ನಮ್ಮ ಅನುಕೂಲಕ್ಕೆ' ಎಂಬ ಕಾಲಂಗೆ ವರ್ಗಾಯಿಸಿದೆವು. ಕಲಾವಿದರಿಂದ ನೇರವಾಗಿ ಸಂಗೀತ ಕೊಳ್ಳಬಹುದಾದ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಡಿಜಿಟಲ್ ಆಲ್ಬಮ್ ಕೊಂಡರೆ ಕಂಪನಿ ಶೇ. 15ರಷ್ಟನ್ನು ಇಟ್ಟುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ; 2020ರಲ್ಲಿ ಆರಂಭವಾದ 'ಬ್ಯಾಂಡ್‌ಕ್ಯಾಂಪ್ ಶುಕ್ರವಾರ' ಎಂಬ ಆಯ್ದ ದಿನಗಳಂದು ತನ್ನ ಪಾಲನ್ನು ಅದು ಬಿಟ್ಟುಕೊಡುವುದರಿಂದ ನಮ್ಮ ಖರೀದಿಗಳನ್ನು ಆ ದಿನಗಳಿಗೆ ಕಾದಿರಿಸುತ್ತೇವೆ. ಆದರೆ ಕರ್ನಾಟಕ ಸಂಗೀತದವರು ಅಲ್ಲಿ ಸಿಗುವುದು ಅಪರೂಪ. ಯೂಟ್ಯೂಬ್ ಸದಸ್ಯತ್ವದ ಶುಲ್ಕದಲ್ಲಿ ಶೇ. 70 ಚಾನೆಲ್‌ನವರಿಗೆ ಸೇರುತ್ತದೆ. ನಮ್ಮಲ್ಲಿ ಕೆಲವರು ತಮ್ಮ ಮೆಚ್ಚಿನ ಕಲಾವಿದರ ಚಾನೆಲ್‌ಗಳಿಗೆ ಸದಸ್ಯರಾಗಿದ್ದಾರೆ. ಇಷ್ಟಕ್ಕೆ ಅಂತರ್ಜಾಲದ ಅಧ್ಯಾಯ ಸಾಕೆನಿಸಿತು.

ಆಷಾಢ

ಯೋಜನೆ ನಿಜವಾಗಿ ಕಣ್ಣು ಬಿಟ್ಟದ್ದು ಈ ತಿಂಗಳಲ್ಲಿ. ಆಷಾಢದಲ್ಲಿ ಲಗ್ನಗಳಿಲ್ಲ, ವಾಲಗದವರ ನಾದಸ್ವರ, ಡೋಲುಗಳು ಗವಸಿನಲ್ಲಿರುತ್ತವೆ, ಆರತಕ್ಷತೆಗಳಲ್ಲಿ ಕೊಳಲು, ಪಿಟೀಲು ನುಡಿಸುವವರಿಗೂ ಕರೆ ಬರುವುದಿಲ್ಲ. ವರ್ಷದ ಸರಾಸರಿ ಆದಾಯ ಎಷ್ಟೇ ಇರಲಿ, ಸಾಲ ಹುಟ್ಟುವುದು ಇಂತಹ ತಿಂಗಳಲ್ಲಿ. ಆದ್ದರಿಂದ ಕಾರ್ತಿಕ, ಮಾಘಗಳಲ್ಲಿ ಮದುವೆ ಇಟ್ಟುಕೊಂಡಿರುವ ನಮ್ಮ ಬಳಗದ ಮನೆಗಳವರು ವಾಲಗಕ್ಕೆ ಒಪ್ಪಿಕೊಂಡ ಮೊತ್ತದ ಅರ್ಧವನ್ನು ಈಗಲೇ ಮುಂಗಡವಾಗಿ ಕೊಟ್ಟರು. ಅವರಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಖರ್ಚಾಗಲಿಲ್ಲ. ಊರಿನ ಕೇಳುಗರು ಮಾಡಬಹುದಾದ ಸಹಾಯಗಳಲ್ಲಿ ಇದಕ್ಕಿಂತ ಸುಲಭವಾದದ್ದು ನನಗೆ ಇನ್ನೂ ಕಂಡಿಲ್ಲ.

ಎರಡನೆಯ ಪ್ರಯೋಗ ಮನೆ ಬೈಠಕ್, ಅಂದರೆ ಮನೆಯಲ್ಲೇ ನಡೆಸುವ ಸಣ್ಣ ಕಛೇರಿ. ನಮ್ಮದು ಸಂಗೀತಕ್ಕೆ ಬಡ ಜಿಲ್ಲೆಯೇನಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವೊಂದೇ ಆರ್.ಕೆ. ಶ್ರೀಕಂಠನ್ ಅವರನ್ನೂ ರುದ್ರಪಟ್ಟಣಂ ಸಹೋದರರನ್ನೂ ಕೊಟ್ಟಿದೆ. ಆದರೆ ಶ್ರೀಕಂಠನ್ ಅವರಂತಹ ವಿದ್ವಾಂಸರೂ ಆಕಾಶವಾಣಿಯ ನೌಕರಿ ಹಿಡಿದು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದರು. ಇಂದಿಗೂ ಕಛೇರಿಗೆ ಹಲವರನ್ನು ಅಲ್ಲಿಂದಲೇ ಕರೆಸಬೇಕು, ಪ್ರಯಾಣದ ಖರ್ಚೇ ಸಂಭಾವನೆಯನ್ನು ತಿಂದುಹಾಕುತ್ತದೆ. 2017ರಲ್ಲಿ ಶ್ರವಣಬೆಳಗೊಳದ ಮಾರ್ಗದ ಬೆಂಗಳೂರು ರೈಲು ಆರಂಭವಾದ ಮೇಲೆ ಕಾರಿನ ಬಾಡಿಗೆ ತಪ್ಪಿದೆ. ರಾತ್ರಿ ಉಳಿಯಲು ಬಳಗದ ಮನೆಯಿದ್ದರೆ ಲಾಡ್ಜಿನ ಖರ್ಚೂ ಇಲ್ಲ.

ಮೂವತ್ತು ಕೇಳುಗರು ತಲಾ 600 ರೂಪಾಯಿಯಂತೆ 18,000 ಕೊಟ್ಟರೆ, ಗಾಯಕರಿಗೆ 7,000, ಪಿಟೀಲು ಮತ್ತು ಮೃದಂಗದವರಿಗೆ ತಲಾ 4,500, ಪ್ರಯಾಣಕ್ಕೆ 2,000 ಎಂದು ಹಂಚಿದೆವು. ಮೈಕ್, ಫ್ಲೆಕ್ಸ್, ಸ್ಮರಣಿಕೆ, ಶಾಲು ಯಾವುದೂ ಇಲ್ಲ. (ಕಲಾವಿದರ ಮನೆಯ ಬೀರುಗಳಲ್ಲಿ ಶಾಲಿಗೆಂದೂ ಬರವಿಲ್ಲ.) ಮೂವರ ಖಾತೆಗೂ ಹಣವನ್ನು ಪ್ರತ್ಯೇಕವಾಗಿ, ಕಛೇರಿಯ ಹಿಂದಿನ ದಿನವೇ ಯುಪಿಐ ಮೂಲಕ ಕಳುಹಿಸಿದ್ದರಿಂದ ನಡುವೆ ಯಾರ ಕಡಿತವೂ ಇರಲಿಲ್ಲ. ಪಕ್ಕವಾದ್ಯದವರ ಪಾಲು ಮುಖ್ಯ ಕಲಾವಿದರ ಕೈಯಿಂದ ಬರಬೇಕಾದ ಪದ್ಧತಿಯಲ್ಲಿ ಅವರು ಕೇಳಲೂ ಆರರು, ಬಿಡಲೂ ಆರರು. ವಿದ್ವಾಂಸರೊಂದಿಗೆ ದರ ಮಾತಾಡುವುದು ಮರ್ಯಾದೆಯಲ್ಲ ಎಂದು ಬಳಗದ ಹಿರಿಯರೊಬ್ಬರು ಕೊನೆಯವರೆಗೂ ಆಕ್ಷೇಪಿಸಿದರು. ಅವರ ಸಮಾಧಾನಕ್ಕಾಗಿ ಫಲತಾಂಬೂಲದ ತಟ್ಟೆಯನ್ನು ಉಳಿಸಿಕೊಂಡೆವು, ಲಕೋಟೆಯನ್ನು ಮಾತ್ರ ಬಿಟ್ಟೆವು. ಶಾಸ್ತ್ರೀಯ ಮತ್ತು ಜಾನಪದ ಕಲಾವಿದರ ಪ್ರದರ್ಶನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಸಂಭಾವನೆಯ ಮೇಲೆ ಜಿಎಸ್‌ಟಿ ಇಲ್ಲದಿರುವುದು ಸಣ್ಣ ಸಂಘಟಕರು ತಿಳಿದಿರಬೇಕಾದ ಸಂಗತಿ.

ಶ್ರಾವಣ: ಈಗ ಕೈಯಲ್ಲಿರುವುದು

ಇದುವರೆಗಿನ ಲೆಕ್ಕದಲ್ಲಿ ವೇದಿಕೆಯ ಮೇಲಿಲ್ಲದವರು ಬಂದಿಲ್ಲ. ದಾಸರ ಪದಗಳನ್ನು ಹಾಡಿದರೆ ಅವುಗಳ ಸಾಹಿತ್ಯಕ್ಕೆ ಯಾರಿಗೂ ರಾಯಧನ ಸಲ್ಲಬೇಕಾಗಿಲ್ಲ, ಏಕೆಂದರೆ ಕೃತಿಸ್ವಾಮ್ಯ ಇರುವುದು ಕರ್ತೃವಿನ ಜೀವಿತಕಾಲ ಮತ್ತು ಆನಂತರದ 60 ವರ್ಷ. ಸುಗಮ ಸಂಗೀತದ ಮಾತು ಬೇರೆ. ಅಲ್ಲಿ ಕವಿಯೂ ರಾಗ ಸಂಯೋಜಕರೂ ಪಾಲುದಾರರು, ಮತ್ತು ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಆ ಪಾಲನ್ನು ಕಂಪನಿಗೆ ಬರೆದುಕೊಡುವಂತೆಯೇ ಇಲ್ಲ. 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಆ ಹಣವನ್ನು ಸಂಗ್ರಹಿಸಿ ಹಂಚುತ್ತದೆಯಾದರೂ, ಸಂಘಟಕರು ಪರವಾನಗಿ ಪಡೆದು, ಹಾಡಿದ ಹಾಡುಗಳ ಪಟ್ಟಿಯನ್ನು ಸಲ್ಲಿಸಿದರೆ ಮಾತ್ರ ಯಾರ ಹಾಡಿಗೆ ಎಷ್ಟು ಎಂಬುದು ಸರಿಯಾಗಿ ತಿಳಿಯುತ್ತದೆ. ಸಣ್ಣ ಕಾರ್ಯಕ್ರಮಗಳಲ್ಲಿ ಈ ಪಟ್ಟಿ ನಿರೂಪಕರ ಜೇಬಿನಲ್ಲೇ ಉಳಿದುಹೋಗುತ್ತದೆ.

ಹಾಸನಾಂಬ ಕಲಾಕ್ಷೇತ್ರದಲ್ಲಿ ಟಿಕೆಟ್ ಇಟ್ಟು ಒಂದು ಸುಗಮ ಸಂಗೀತ ಸಂಜೆ ನಡೆಸಬೇಕೆಂಬುದು ಮುಂದಿನ ಯೋಜನೆ. ಹಾಡು, ಕವಿ, ಸಂಯೋಜಕ, ಹಾಡಿದವರು ಎಂಬ ನಾಲ್ಕು ಕಾಲಂಗಳ ನಮೂನೆಯನ್ನು ಸಿದ್ಧಪಡಿಸಿದ್ದೇನೆ. ಗಾಯಕರು ಹಾಡುಗಳನ್ನು ಆಯ್ದುಕೊಟ್ಟೊಡನೆ ಅದನ್ನು ತುಂಬಿ, ಪರವಾನಗಿ ಶುಲ್ಕವನ್ನು ಟಿಕೆಟ್ ದರದೊಳಗೆ ಸೇರಿಸಬೇಕಾಗಿದೆ. ಬಾಡಿಗೆ, ಧ್ವನಿವರ್ಧಕಗಳ ಖರ್ಚು ಕಳೆದು ಕಲಾವಿದರ ಪಾಲು ಬೈಠಕ್‌ನಷ್ಟು ಉಳಿಯುತ್ತದೆಯೇ ಎಂಬ ಲೆಕ್ಕವನ್ನು ಮುಂದಿನ ಕಂತಿನಲ್ಲಿ ಕೊಡುತ್ತೇನೆ.