ಗಾಜಿಗೆ ಒತ್ತದ ವೈಪರ್

ಹೋದ ಮಳೆಗಾಲದಲ್ಲಿ ಬಾಳೆಬರೆ ಘಾಟಿ ಹತ್ತುವಾಗ ನಾನು ನಿಜವಾಗಿಯೂ ಹೆದರಿದ್ದೆ. ವೈಪರ್ ಓಡುತ್ತಲೇ ಇತ್ತು. ಆದರೆ ಸರಿಯಾಗಿ ನನ್ನ ಕಣ್ಣಿನ ನೇರಕ್ಕೆ, ಅಂಗೈ ಅಗಲದಷ್ಟು ಜಾಗದಲ್ಲಿ ನೀರು ಹಾಗೇ ಉಳಿಯುತ್ತಿತ್ತು. ಎದುರಿನಿಂದ ಲಾರಿ ಬಂದರೆ ಅದರ ಲೈಟು ಆ ನೀರಿನಲ್ಲಿ ಚೆಲ್ಲಾಪಿಲ್ಲಿಯಾಗಿ ರಸ್ತೆಯೇ ಕಾಣುತ್ತಿರಲಿಲ್ಲ. ಹೊಸಂಗಡಿಯಿಂದ ಮಾಸ್ತಿಕಟ್ಟೆ ಮುಟ್ಟುವವರೆಗೂ ತಲೆ ತಗ್ಗಿಸಿಕೊಂಡೇ ಓಡಿಸಿದೆ. ಹಿಂದೆ ಅಮ್ಮ ಮಾತಾಡದೆ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು.

ಊರಿಗೆ ಬಂದು ಬ್ಲೇಡ್ ಬದಲಿಸಿದೆ. ಅದೇ ಜಾಗ, ಅದೇ ನೀರು. ಬೇರೆ ಬ್ಲೇಡ್ ತಂದು ಹಾಕಿದೆ. ಆಗಲೂ ಅಷ್ಟೇ.

ನಮ್ಮದು 2009ರ ಮಾರುತಿ 800, ಅಪ್ಪಯ್ಯ ಕೊಂಡ ಕಾರು. 15 ವರ್ಷ ತುಂಬಿದ ಮೇಲೆ ಮತ್ತೆ 5 ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಿದ್ದೇವೆ. ಇಂಜಿನ್ ಇನ್ನೂ ಚೆನ್ನಾಗಿದೆ. ಕಷ್ಟವೆಲ್ಲ ತುಕ್ಕಿನದ್ದು. ಮನೆ ಇರುವುದು ಮರವಂತೆಯಲ್ಲಿ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ 66. ಗಾಳಿಯಲ್ಲೇ ಉಪ್ಪು. ಗೇಟಿನ ಚಿಲಕ, ಕಿಟಕಿ ಸರಳು, ಸೈಕಲ್ ಚೈನ್ ಯಾವುದನ್ನೂ ಅದು ಬಿಡುವುದಿಲ್ಲ.

ಏಪ್ರಿಲ್‌ನಲ್ಲಿ ತ್ರಾಸಿಯ ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದೆ. ಅವರು ಬ್ಲೇಡ್ ಕಡೆ ನೋಡಲೇ ಇಲ್ಲ. ಬ್ಲೇಡನ್ನು ಹಿಡಿದಿರುವ ಕಬ್ಬಿಣದ ತೋಳನ್ನು, ಅಂದರೆ ಆರ್ಮನ್ನು ಎತ್ತಿ, ಮೆಲ್ಲಗೆ ಕೆಳಗೆ ಬಿಟ್ಟರು. ಗಾಜಿಗೆ ಗಟ್ಟಿಯಾಗಿ ಬಂದು ಕೂರಬೇಕಾದದ್ದು ಅರ್ಧದಲ್ಲೇ ನಿಂತಿತು. "ಬ್ಲೇಡಿಗೆ ಎಂತದೂ ಆಯ್ಲಿಲ್ಲ ಮಾರಾಯ್ರೆ, ಆರ್ಮ್ ಹಿಡ್ಕಂಡಿತ್" ಅಂದರು.

ವಿಷಯ ಇಷ್ಟೇ. ಆರ್ಮಿನ ಹೊಟ್ಟೆಯಲ್ಲಿ ಒಂದು ಸ್ಪ್ರಿಂಗ್ ಇರುತ್ತದೆ. ಬ್ಲೇಡನ್ನು ಗಾಜಿಗೆ ಒತ್ತಿ ಹಿಡಿಯುವುದು ಅದೇ. ಆರ್ಮ್ ಮಡಚುವ ಜಾಗದ ಪಿನ್ನಿಗೆ ತುಕ್ಕು ಹಿಡಿದರೆ ಸ್ಪ್ರಿಂಗ್ ಎಷ್ಟು ಎಳೆದರೂ ಪ್ರಯೋಜನವಿಲ್ಲ. ಬ್ಲೇಡ್ ಸುಮ್ನೆ ಗಾಜನ್ನು ಸವರಿಕೊಂಡು ಹೋಗುತ್ತದೆ.

ಹೊಸ ಆರ್ಮ್ ತರಬಹುದಿತ್ತು. ಆದರೆ ಅಂಗಡಿಯಲ್ಲಿ ತೋರಿಸಿದ ಡೂಪ್ಲಿಕೇಟಿನ ತಗಡು ತೀರಾ ತೆಳು. ನಮ್ಮದರ ಕಬ್ಬಿಣ ಗಟ್ಟಿ ಇತ್ತು, ಮೇಲಿನದ್ದಷ್ಟೇ ಹಾಳಾಗಿತ್ತು. ಅದನ್ನೇ ಉಳಿಸೋಣ ಅನ್ನಿಸಿತು.

ಬಿಚ್ಚುವ ಮೊದಲು ಬ್ಲೇಡ್ ನಿಲ್ಲುವ ಜಾಗಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿದೆ. ದಪ್ಪ ಟವೆಲ್ ಮಡಚಿ ಹಾಸಿದೆ. ಬ್ಲೇಡ್ ತೆಗೆದ ಮೇಲೆ ಬರೀ ಆರ್ಮ್ ಬಡಿದರೆ ಗಾಜು ಸೀಳುತ್ತದೆ, ಹುಷಾರು. ಬುಡದ ನಟ್ ರಿಂಗ್ ಸ್ಪ್ಯಾನರಿಗೆ ಸುಲಭವಾಗಿ ಬಂತು. ಆರ್ಮ್ ಮಾತ್ರ ಅಲ್ಲಾಡಲಿಲ್ಲ. ನಟ್ಟಿನ ಕೆಳಗೆ ಶಾಫ್ಟಿಗೆ ಸಣ್ಣ ಸಣ್ಣ ಹಲ್ಲುಗಳಿವೆ. ಆರ್ಮ್ ಕಚ್ಚಿಕೊಳ್ಳುವುದು ಅಲ್ಲೇ. ಆ ಹಲ್ಲುಗಳ ಸಂದಿನಲ್ಲೆಲ್ಲ ತುಕ್ಕು ಸಿಮೆಂಟಿನ ಹಾಗೆ ಗಟ್ಟಿಯಾಗಿತ್ತು.

ಪಕ್ಕದ ಮನೆಯ ಹುಡುಗ ಸುತ್ತಿಗೆ ಹಿಡಿದುಕೊಂಡೇ ಬಂದಿದ್ದ. ಬೇಡ ಅಂದೆ. ಶಾಫ್ಟಿನ ತಲೆಗೆ ಹೊಡೆದರೆ ಪೆಟ್ಟು ಕೆಳಗೆ ಮೋಟರಿಗೆ ಜೋಡಿಸುವ ಸರಳುಗಳಿಗೆ (ಲಿಂಕೇಜಿಗೆ) ಹೋಗುತ್ತದೆ. ಸ್ಕ್ರೂಡ್ರೈವರ್ ಕೊಟ್ಟು ಮೀಟಿದರೆ ಬಾನೆಟ್ ಅಂಚು ನೆಗ್ಗುತ್ತದೆ. ತುಕ್ಕು ಸಡಿಲಿಸುವ ಎಣ್ಣೆ ಡಬ್ಲ್ಯುಡಿ-40 ಹೊಡೆದು, ನಟ್ಟನ್ನು ಎರಡು ಸುತ್ತು ವಾಪಸ್ ಹಾಕಿಟ್ಟೆ. ಕಿತ್ತು ಬರುವಾಗ ಆರ್ಮ್ ಹಾರಬಾರದು, ಅಲ್ವಾ?

ಬೆಳಿಗ್ಗೆ ಅಲ್ಲಾಡಿಸಿದರೆ ಇಲ್ಲ. ಮತ್ತೆ ಎಣ್ಣೆ, ಮತ್ತೊಂದು ರಾತ್ರಿ. ಮೂರನೇ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬುಡಕ್ಕೆ ಸುತ್ತಿದೆ. ಬ್ಯಾಟರಿ ಟರ್ಮಿನಲ್ ಕೀಳುವ ಸಣ್ಣ ಪುಲ್ಲರ್ ಇಟ್ಟು ಕಾಲು ಸುತ್ತು, ಇನ್ನೊಂದು ಕಾಲು ಸುತ್ತು ತಿರುಗಿಸಿದೆ. ಕಟ್ ಅಂತ ಒಂದು ಸದ್ದು. ಆರ್ಮ್ ಎದ್ದು ನಟ್ಟಿಗೆ ತಾಗಿ ನಿಂತಿತು. ಆ ಸದ್ದಿಗೆ ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಅಪ್ಪಯ್ಯ ತಲೆ ಎತ್ತಿದರು.

ಆರ್ಮನ್ನು ಡೀಸೆಲ್‌ನಲ್ಲಿ ನೆನೆಹಾಕಿದೆ. ಮಡಚುವ ಪಿನ್ ಮೊದಲು ಕೂದಲೆಳೆಯಷ್ಟು ಅಲ್ಲಾಡಿತು. ಆಚೆ ಈಚೆ ಮಾಡುತ್ತಾ ಹೋದ ಹಾಗೆ ಸಂದಿನಿಂದ ಕಾಫಿ ಗಷ್ಟಿನ ಬಣ್ಣದ ಕೆಸರು ಇಳಿಯತೊಡಗಿತು. ಸುಮಾರು ಒಂದು ಗಂಟೆ ಹಾಗೇ ಮಾಡಿದೆ. ಕೊನೆಗೆ ಬರೀ ಎಣ್ಣೆ ಬಂತು, ಆರ್ಮ್ ಸಲೀಸಾಗಿ ಮಡಚಿತು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಗಳಿಗೆ ಅದೇ.

ಉಳಿದದ್ದು ಉಜ್ಜುವ ಕೆಲಸ. ವೈರ್ ಬ್ರಷ್, ಒರಟಾದ 120ರ ಎಮರಿ ಪೇಪರ್, ಕೊನೆಗೆ ನಯವಾದ 400. ಸೋಪು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ಪ್ರೈಮರ್ ಮಾತ್ರ ಅದೇ ಮಧ್ಯಾಹ್ನ ಹೊಡೆಯಲೇಬೇಕು. ಕಡಲ ಪಕ್ಕದಲ್ಲಿ ಬರಿಯ ಕಬ್ಬಿಣವನ್ನು ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗುತ್ತದೆ. ಮರುದಿನ ಮ್ಯಾಟ್ ಕಪ್ಪು ಸ್ಪ್ರೇ, ತೆಳುವಾಗಿ ಮೂರು ಸಲ. ಹಲ್ಲಿನ ತೂತಿಗೂ ಪಿನ್ನಿಗೂ ಬಣ್ಣ ಹೋಗದಂತೆ ಟೇಪ್ ಸುತ್ತಿದ್ದೆ. ಒಣಗಿದ ಮೇಲೆ ಪಿನ್ನಿಗೆ ಗ್ರೀಸ್.

ಕೂರಿಸುವಾಗ ಒಂದು ಮಾತು ನೆನಪಿರಲಿ. ಆರ್ಮ್ ಇಲ್ಲದೆಯೇ ವೈಪರ್ ಸ್ವಿಚ್ ಒಮ್ಮೆ ಹಾಕಿ ಆರಿಸಬೇಕು. ಮೋಟರ್ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಟೇಪಿನ ಗುರುತಿಗೆ ಸರಿಯಾಗಿ ಆರ್ಮ್ ಕೂರಿಸಬೇಕು. ಒಂದೆರಡು ಹಲ್ಲು ಆಚೀಚೆಯಾದರೂ ಬ್ಲೇಡ್ ಅಂಚಿಗೆ ಹೋಗಿ ಬಡಿಯುತ್ತದೆ. ಹಲ್ಲಿಗೆ ಚೂರು ಗ್ರೀಸ್ ಸವರಿ ನಟ್ ಬಿಗಿದೆ.

ಅಪ್ಪಯ್ಯ ಎದ್ದು ಬಂದು, ಬ್ಲೇಡ್ ಹಾಕಿದ ಆರ್ಮನ್ನು ತಾವೇ ಸ್ವಲ್ಪ ಎತ್ತಿ ಬಿಟ್ಟರು. ಅದು ಟಪ್ ಅಂತ ಗಾಜಿಗೆ ಕೂತಿತು. ಇನ್ನೊಂದು ಸಲ ಎತ್ತಿ ಬಿಟ್ಟರು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮತ್ತೆ ಅದೇ ಘಾಟಿ ಹತ್ತಿದೆವು. ಮಳೆಯೇನೂ ಕಡಿಮೆ ಇರಲಿಲ್ಲ. ಕಣ್ಣಿನ ನೇರಕ್ಕೆ ರಸ್ತೆ ಸ್ವಚ್ಛವಾಗಿ ಕಾಣುತ್ತಿತ್ತು. ಹುಲಿಕಲ್ ಹತ್ತಿರ ಕನ್ನಡಿಯಲ್ಲಿ ನೋಡಿದರೆ ಅಮ್ಮ ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು.