ತೈವಾನಿನಿಂದ ಕಿಡ್ನಿ ಪುಡಿ ಏಕೆ ತರುವುದಿಲ್ಲ

ಊರಿನ ನೆಂಟರು ನನ್ನನ್ನು ಕೇಳುವ ಪ್ರಶ್ನೆ ಇದು: "ಹೇಗೂ ತೈವಾನಿನಲ್ಲೇ ಇದ್ದೀಯಲ್ಲ, ಕಿಡ್ನಿಗೆ ಅಲ್ಲಿನ ಚೀನೀ ಗಿಡಮೂಲಿಕೆ ಬಹಳ ಒಳ್ಳೆಯದಂತೆ, ಬರುವಾಗ ಒಂದು ಪೊಟ್ಟಣ ತರುತ್ತೀಯಾ?" ನನ್ನ ಉತ್ತರ: ತರುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಸೊಕ್ಕು ಬಂದಿದೆ ಎನ್ನುತ್ತಾರೆ. ವಿವರಿಸಲು ಹೊರಟರೆ ಅರ್ಧಕ್ಕೇ ಫೋನನ್ನು ಅತ್ತೆಯ ಕೈಗೆ ದಾಟಿಸುತ್ತಾರೆ. ಆದ್ದರಿಂದ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುವವನಿದ್ದೇನೆ.

ನಾನು ವೈದ್ಯನಲ್ಲ. ಸಿಂಚು ನಗರದ ಚಿಪ್ ಕಾರ್ಖಾನೆಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು. ಇದನ್ನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ; ಔಷಧಿ ತರುವುದಕ್ಕೆ ವೈದ್ಯನೇ ಆಗಬೇಕೆಂದೇನಿದೆ, ಸೂಟ್‌ಕೇಸ್ ಇದ್ದರೆ ಸಾಕು ಎಂಬುದು ನಮ್ಮವರ ನಂಬಿಕೆ.

ಈ ಪ್ರಶ್ನೆಯಲ್ಲಿ ನನ್ನನ್ನು ಕೆರಳಿಸುವುದು ಗಿಡಮೂಲಿಕೆಯಲ್ಲ, ಅದರ ಬಾಲಕ್ಕೆ ಅಂಟಿಕೊಂಡಿರುವ 'ಅಂತೆ'. ಒಳ್ಳೆಯದಂತೆ, ಸೈಡ್ ಎಫೆಕ್ಟ್ ಇಲ್ಲವಂತೆ, ಕ್ರಿಯೇಟಿನಿನ್ ಸರ್ರನೆ ಇಳಿಯುತ್ತದಂತೆ. ಯಾರು ಹೇಳಿದ್ದು, ಯಾರಿಗೆ ಇಳಿಯಿತು, ಎಷ್ಟಿದ್ದದ್ದು ಎಷ್ಟಾಯಿತು ಎಂದು ಕೇಳಿದರೆ ಇನ್ನೊಂದು 'ಅಂತೆ' ಬರುತ್ತದೆ. ಕ್ರಿಯೇಟಿನಿನ್ ಸ್ನಾಯುಗಳಿಂದ ಹುಟ್ಟುವ, ಕಿಡ್ನಿ ಸೋಸಿ ಹೊರಹಾಕುವ ವಸ್ತು; ಕಿಡ್ನಿ ಸೋತರೆ ರಕ್ತದಲ್ಲಿ ಅದರ ಅಂಕಿ ಏರುತ್ತದೆ. ಆದರೆ ಮನುಷ್ಯ ಊಟ ಬಿಟ್ಟು, ಸೊರಗಿ, ಮಾಂಸಖಂಡ ಕರಗಿಸಿಕೊಂಡರೂ ಆ ಅಂಕಿ ಕೆಳಗಿಳಿಯುತ್ತದೆ. ಆಗ ಇಳಿದದ್ದು ಅಂಕಿಯೇ ಹೊರತು ಕಾಯಿಲೆಯಲ್ಲ.

ಕಳೆದ ಸಲ ತೀರ್ಥಹಳ್ಳಿ ಕಡೆಯ ಒಂದು ಗೃಹಪ್ರವೇಶಕ್ಕೆ ಹೋದಾಗ, ಎರಡನೇ ಪಂಕ್ತಿಯ ಊಟ ಮುಗಿಯುತ್ತಿದ್ದಂತೆ ಚಿಕ್ಕಪ್ಪ ನನ್ನನ್ನು ಚಪ್ಪರದ ಮೂಲೆಗೆ ಕರೆದರು. ಎಲೆ ಅಡಿಕೆ ಸಂಚಿಯಿಂದ ಎಂಟು ಮಡಿಕೆಯ ಕಾಗದವೊಂದನ್ನು ತೆಗೆದರು. ಲ್ಯಾಬಿನ ವರದಿ. ಕ್ರಿಯೇಟಿನಿನ್ ಇರುವ ಸಾಲಿನ ಮೇಲೆ ಸರಿಯಾಗಿ ಸುಣ್ಣದ ಕಲೆ. ಬೆರಳಿನಿಂದ ಕೆರೆದಾಗ 3.4 ಎಂದು ಕಂಡಿತು. ನಾಲ್ಕು ತಿಂಗಳ ಹಿಂದೆ ಅದು 2.1 ಇತ್ತು. ನಡುವೆ ಏನಾಯಿತೆಂದರೆ, ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ ಒಂದು 'ಚೀನಾ ಪುಡಿ' ತರಿಸಿದ್ದರು, ಅದರೊಡನೆ ಇಂಗ್ಲಿಷ್ ಮಾತ್ರೆ ಸೇರಬಾರದಂತೆ ಎಂದು ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಲವತ್ತು ದಿನ ನಿಲ್ಲಿಸಿದ್ದರು. ಹಾಳು ಮಾಡಿದ್ದು ಪುಡಿಯೋ, ಮಾತ್ರೆ ಬಿಟ್ಟದ್ದೋ ಎಂದು ಡಾಕ್ಟರೂ ಹೇಳಲಾರರು, ಏಕೆಂದರೆ ಪೊಟ್ಟಣದ ಮೇಲೆ ಎಲೆಯ ಚಿತ್ರವಿತ್ತೇ ಹೊರತು ಗಿಡದ ಹೆಸರಿರಲಿಲ್ಲ, ಆ ಪೊಟ್ಟಣವೂ ಬಚ್ಚಲೊಲೆಗೆ ಹೋಗಿತ್ತು. ಇಷ್ಟೆಲ್ಲ ಹೇಳಿ ಚಿಕ್ಕಪ್ಪ ಕೇಳಿದ್ದು: "ಅದು ಡೂಪ್ಲಿಕೇಟ್ ಇರ್ಬೇಕು ಮಾರಾಯ, ನೀನು ಅಲ್ಲಿಂದ ಒರಿಜಿನಲ್ ತಂದ್ಕೊಡು."

ಒರಿಜಿನಲ್ ಎಂಬ ಆ ಮಾತಿಗೇ ನನ್ನ ಬಳಿ ಒಂದು ಕಥೆ ಇದೆ. 1990ರಲ್ಲಿ ಬ್ರಸೆಲ್ಸ್ ನಗರದ ಒಂದು ತೂಕ ಇಳಿಸುವ ಕ್ಲಿನಿಕ್ಕಿನವರು ತಮ್ಮ ಔಷಧಿಗೆ ಎರಡು ಚೀನೀ ಮೂಲಿಕೆಗಳನ್ನು ಸೇರಿಸಿದರು. ಅವುಗಳಲ್ಲಿ ಒಂದು 'ಫಾಂಗ್ ಜಿ' ಎಂಬ ಬೇರು. ಚೀನೀ ಅಂಗಡಿಗಳಲ್ಲಿ ಈ ಹೆಸರಿನಡಿ ಒಂದಕ್ಕಿಂತ ಹೆಚ್ಚು ಗಿಡಗಳು ಮಾರಾಟವಾಗುತ್ತಿದ್ದವು: ಹಾನ್ ಫಾಂಗ್ ಜಿ ಎಂಬುದು ಸ್ಟೆಫಾನಿಯಾ ಟೆಟ್ರಾಂಡ್ರಾ, ಗುವಾಂಗ್ ಫಾಂಗ್ ಜಿ ಎಂಬುದು ಅರಿಸ್ಟೊಲೋಕಿಯಾ ಫಾಂಗ್ಚಿ. ಕ್ಲಿನಿಕ್ಕಿಗೆ ಬೇಕಿದ್ದದ್ದು ಮೊದಲನೆಯದು, ಬಂದದ್ದು ಎರಡನೆಯದು. ಐವತ್ತು ದಾಟದ, ಅದುವರೆಗೆ ಮೂತ್ರಪಿಂಡದ ತೊಂದರೆಯೇ ಇಲ್ಲದಿದ್ದ ಹೆಂಗಸರು ಒಬ್ಬರ ಹಿಂದೊಬ್ಬರಂತೆ ಮೂತ್ರಪಿಂಡ ವೈಫಲ್ಯದಿಂದ ಆಸ್ಪತ್ರೆಗೆ ಬರತೊಡಗಿದರು. ಅಲ್ಲಿನ ಮೂತ್ರಪಿಂಡ ತಜ್ಞ ಜಾನ್ ಲೂಯಿ ವಾನ್‌ಹೆರ್ವೆಗೆಮ್ ಮತ್ತು ಸಂಗಡಿಗರು 1993ರಲ್ಲಿ ಅಂಥ ಒಂಬತ್ತು ಮಂದಿಯ ವಿವರವನ್ನು ಪ್ರಕಟಿಸಿದರು. ಮುಂದೆ ಆ ಸಂಖ್ಯೆ ನೂರನ್ನು ದಾಟಿತು. ಅರಿಸ್ಟೊಲೋಕಿಯಾದಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡದ ಸಣ್ಣ ಕೊಳವೆಗಳ ಜೀವಕೋಶಗಳೊಳಗೆ ಹೊಕ್ಕು ಅವುಗಳನ್ನು ಕೊಲ್ಲುತ್ತದೆ, ಸತ್ತ ಜಾಗದಲ್ಲಿ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಸಾಮಾನ್ಯವಾಗಿ ನೋವಾಗಲಿ ಊತವಾಗಲಿ ಇರುವುದಿಲ್ಲ, ಮೂತ್ರದಲ್ಲಿ ಪ್ರೋಟೀನೂ ಹೆಚ್ಚು ಹೋಗುವುದಿಲ್ಲ. ಔಷಧಿ ಬಿಟ್ಟ ಮೇಲೂ ಹಾನಿ ಮುಂದುವರಿಯುತ್ತದೆ. ಅದೇ ಆಮ್ಲ ಡಿಎನ್‌ಎಗೆ ಅಂಟಿ ವರ್ಷಗಟ್ಟಲೆ ಉಳಿಯುತ್ತದೆ. 2000ದಲ್ಲಿ ಬಂದ ವರದಿಯ ಪ್ರಕಾರ, ಮುನ್ನೆಚ್ಚರಿಕೆಗೆಂದು ಮೂತ್ರಪಿಂಡ, ಮೂತ್ರನಾಳಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಆಗಲೇ ಕ್ಯಾನ್ಸರ್ ಹುಟ್ಟಿತ್ತು. ಇಲ್ಲಿ ಡೂಪ್ಲಿಕೇಟ್ ಯಾವುದು? ಎರಡೂ ನಿಜವಾದ ಬೇರುಗಳೇ, ಎರಡೂ ನೈಸರ್ಗಿಕವೇ.

ಯೂರೋಪಿನ ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ಇದೇ ಅರಿಸ್ಟೊಲೋಕಿಯಾ ಕುಲದ ಕಳೆಯ ಬೀಜ ಗೋಧಿಯೊಡನೆ ಬೆರೆತು ರೊಟ್ಟಿಯ ಮೂಲಕ ಮನೆಮನೆಯವರ ಮೂತ್ರಪಿಂಡ ಹಾಳುಮಾಡಿದ್ದು ಇನ್ನೊಂದು ಕಥೆ. ಅದನ್ನು ಹೇಳಲು ಹೊರಟರೆ ಚಿಕ್ಕಪ್ಪ ಗೋಧಿ ಬಿಡುತ್ತಾರೆ, ಬೇಡ.

ಇನ್ನು ನಾನು ಅನ್ನ ತಿನ್ನುವ ದೇಶ. ತೈವಾನಿನಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ವಿಮೆ ಚೀನೀ ವೈದ್ಯಪದ್ಧತಿಯ ವೈದ್ಯರ ಔಷಧಿಗೂ ಹಣ ಕೊಡುತ್ತದೆ. ಆದ್ದರಿಂದ ಯಾರಿಗೆ, ಯಾವ ಮೂಲಿಕೆ, ಎಷ್ಟು ಎಂಬುದು ಲೆಕ್ಕದ ಕಡತದಲ್ಲಿ ಉಳಿದಿದೆ. ಸಂಶೋಧಕರು ಅದನ್ನು ತೆರೆದು ನೋಡಿದಾಗ, 1997ರಿಂದ 2003ರೊಳಗೆ ಜನಸಂಖ್ಯೆಯ ಸುಮಾರು ಮೂರನೇ ಒಂದು ಭಾಗಕ್ಕೆ ಈ ಆಮ್ಲ ಇರುವ, ಅಥವಾ ಇರಬಹುದಾದ ಔಷಧಿ ಬರೆದುಕೊಟ್ಟದ್ದು ಕಂಡಿತು. 2003ರಲ್ಲಿ ಸರ್ಕಾರ ಅಂಥ ಮೂಲಿಕೆಗಳನ್ನು ನಿಷೇಧಿಸಿತು. 2008ರ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ನೂರು ವಯಸ್ಕರಲ್ಲಿ ಸುಮಾರು 12 ಮಂದಿಗೆ ದೀರ್ಘಕಾಲೀನ ಮೂತ್ರಪಿಂಡ ಕಾಯಿಲೆ ಇರುವುದು ತಿಳಿಯಿತು, ಆ ಕಾಯಿಲೆ ಇದ್ದವರಲ್ಲಿ ಅದು ತಮಗಿದೆಯೆಂದು ಗೊತ್ತಿದ್ದವರು ನೂರಕ್ಕೆ ನಾಲ್ವರೂ ಇರಲಿಲ್ಲ. ನೀವು 'ಒರಿಜಿನಲ್' ತರಿಸಿಕೊಳ್ಳಬೇಕೆಂದಿರುವ ದೇಶ ಇದು.

ಅದೇ ಕಡತಗಳು ಇನ್ನೊಂದು ಮಾತನ್ನೂ ಹೇಳಿವೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮೂತ್ರಪಿಂಡದ ಕಾಯಿಲೆ ಇದ್ದು, ಅರ್ಹ ಚೀನೀ ವೈದ್ಯರಿಂದ ಬರೆಸಿಕೊಂಡೇ ಔಷಧಿ ಸೇವಿಸಿದವರಲ್ಲಿ ಡಯಾಲಿಸಿಸ್ ಹಂತಕ್ಕೆ ಹೋದವರು ಕಡಿಮೆ ಎಂದು 2015ರ ಒಂದು ಅಧ್ಯಯನ ತೋರಿಸಿತು. ಅದು ಮೂಲಿಕೆಯ ಗುಣವೋ, ತಪ್ಪದೆ ವೈದ್ಯರ ಬಳಿ ಹೋಗುವವರ ಶಿಸ್ತಿನ ಗುಣವೋ ಎಂಬುದನ್ನು ಆ ಬಗೆಯ ಅಧ್ಯಯನ ತೀರ್ಮಾನಿಸಲಾರದು. ಆದರೂ ಮೂಲಿಕೆಗಳೆಲ್ಲ ವಿಷ ಎಂದು ನಾನು ವಾದಿಸುತ್ತಿಲ್ಲ. ನನ್ನನ್ನು ಕೇಳಬೇಕಿದ್ದ ಪ್ರಶ್ನೆ 'ತರುತ್ತೀಯಾ' ಎಂಬುದಲ್ಲ; 'ಈ ಪೊಟ್ಟಣದಲ್ಲಿರುವುದು ಯಾವ ಗಿಡ, ತಿಂದವರಿಗೆ ಏನಾಯಿತೆಂದು ಲೆಕ್ಕ ಇಟ್ಟವರು ಯಾರು' ಎಂಬುದು. ತೈವಾನಿನಲ್ಲಿ ಅನಾಹುತ ಆಯಿತೆಂದು ತಿಳಿದದ್ದೇ ಲೆಕ್ಕ ಇದ್ದದ್ದರಿಂದ. ನಮ್ಮಲ್ಲಿ ಕೊರಿಯರಿನಲ್ಲಿ ಬಂದು ಬಚ್ಚಲೊಲೆಯಲ್ಲಿ ಬೂದಿಯಾಗುವ ಪುಡಿಯ ಲೆಕ್ಕ ಯಾರ ಬಳಿ ಇದೆ?

ಈ ಕುಲದ ಗಿಡ ಚೀನಾಕ್ಕಷ್ಟೇ ಸೇರಿದ್ದೂ ಅಲ್ಲ. ನಮ್ಮ ಬೇಲಿಗಳಲ್ಲಿ ಹಬ್ಬುವ, ಹಾವಿನ ವಿಷಕ್ಕೆಂದು ಬೇರು ತೇಯುತ್ತಿದ್ದ ಈಶ್ವರಿ ಬಳ್ಳಿ ಅರಿಸ್ಟೊಲೋಕಿಯಾ ಇಂಡಿಕಾ. ಅದರಲ್ಲೂ ಇದೇ ಆಮ್ಲವಿದೆ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತದೆ, ಹುಳು ಅದನ್ನು ತಿಂದು ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಹಕ್ಕಿಗಳಿಗೆ ಯಾರೂ 'ನೈಸರ್ಗಿಕ' ಎಂಬ ಮಾತು ಕಲಿಸಿಲ್ಲ.

ಆದರೂ ಚಿಕ್ಕಪ್ಪನ ಕಾಟಕ್ಕೆ ಸೋತು ಒಂದು ಭಾನುವಾರ ತೈಪೆಯ ದಿಹುವಾ ಬೀದಿಗೆ ಹೋದೆ. ಗೋಡೆಯುದ್ದಕ್ಕೂ ಮರದ ಸಣ್ಣ ಖಾನೆಗಳು, ನೆಲದ ಮೇಲೆ ಒಣಬೇರಿನ ಗೋಣಿಗಳು; ನಮ್ಮ ಗ್ರಂಥಿಗೆ ಅಂಗಡಿಯದೇ ವಾಸನೆ. ಕಿಡ್ನಿಗೆ ಏನಾದರೂ ಕೊಡಿ ಎಂದೆ. ಅಂಗಡಿಯ ಅಜ್ಜಿ ನನ್ನ ಮುಖ, ತಲೆಗೂದಲು ನೋಡಿ, ಸೊಂಟನೋವೋ, ಕಿವಿಯಲ್ಲಿ ಶಬ್ದವೋ ಎಂದು ಕೇಳಿದರು. ಚೀನೀ ವೈದ್ಯದಲ್ಲಿ ಕಿಡ್ನಿಗೆ ಹೇಳುವ 'ಶೆನ್' ಎಂದರೆ ಮೂತ್ರ ಸೋಸುವ ಅಂಗವಷ್ಟೇ ಅಲ್ಲ. ಬೆಳವಣಿಗೆ, ಸಂತಾನಶಕ್ತಿ, ಎಲುಬು, ಕೂದಲು, ಕಿವಿ ಎಲ್ಲವೂ ಅದರ ಅಧೀನ. 'ಕಿಡ್ನಿಗೆ ಬಲ' ಎಂದು ಬರೆದ ಪೊಟ್ಟಣ ಕ್ರಿಯೇಟಿನಿನ್ನಿನ ವಿಚಾರವನ್ನು ಎತ್ತಿರುವುದೇ ಇಲ್ಲ. ನಾನು ಮೊಬೈಲಿನಲ್ಲಿದ್ದ ಚಿಕ್ಕಪ್ಪನ ವರದಿ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿ ನೋಡಿ, ತಕ್ಕಡಿಯನ್ನು ಪಕ್ಕಕ್ಕೆ ಸರಿಸಿ, ವೈದ್ಯರು ನೋಡದೆ ಇಂಥವರಿಗೆ ಏನನ್ನೂ ಕೊಡುವುದಿಲ್ಲ ಎಂದುಬಿಟ್ಟರು.

ಇದನ್ನು ಹೇಳಿದರೆ ಚಿಕ್ಕಪ್ಪ ನಂಬಲಿಲ್ಲ, ನನಗೆ ಭಾಷೆ ಬಾರದೆ ಹಾಗಾಗಿದೆ ಎಂದರು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಕಣ್ಣುಮುಚ್ಚಿ ಬೇರ್ಪಡಿಸುವ, ಹೆಸರಿಲ್ಲದ ಮೂಟೆಯನ್ನು ಮಂಡಿಯೊಳಗೆ ಬಿಟ್ಟುಕೊಳ್ಳದ ಮನುಷ್ಯ ಅವರು. ಕೊನೆಗೆ ನಾನು ತಂದುಕೊಟ್ಟದ್ದು ಬಿಪಿ ನೋಡುವ ಯಂತ್ರ. ಮಾತ್ರೆ ಮತ್ತೆ ಶುರುವಾಗಿದೆ. ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಅಂಕಿ ಬರೆಯುತ್ತಿದ್ದಾರಂತೆ. ಹೀಗೆಂದು ಚಿಕ್ಕಮ್ಮ ಹೇಳಿದರು. ಪುಟದ ಫೋಟೊ ಕಳಿಸಿ ಎಂದಿದ್ದೇನೆ.